ಕಿನ್ನರ ರಾಣಿ ತುಂಬಿದ ಉಡಿ

ಕಳೆದ ವಾರ ಬಾದಾಮಿಯಲ್ಲಿ ಬಸ್ಸು ಬದಲಿಸುವಾಗ ಬಿಸ್ಕತ್ತು ಕೊಳ್ಳಲೆಂದು ಒಂದು ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯವನು ಆಗಷ್ಟೇ ಉತ್ತತ್ತಿ ಚೀಲದ ಬಾಯಿ ಬಿಚ್ಚಿದ್ದ. ಪಕ್ಕದಲ್ಲಿ ಒಣಕೊಬ್ಬರಿಯ ಚೀಲ. ಹೊರಗೆ ಆಷಾಢದ ಗಾಳಿ, ಬಿದ್ದೂ ಬೀಳದ ಹನಿ. ಆ ಎರಡರ ವಾಸನೆ ಕೂಡಿ ಮೂಗಿಗೆ ಬಡಿದದ್ದೇ ತಡ, ನನಗೆ ಬಿಸ್ಕತ್ತು ಮರೆತೇ ಹೋಯಿತು. "ಏನ್ ಬೇಕ್ರಿ ಅಕ್ಕಾರ?" ಎಂದು ಅವನು ಕೇಳಿದರೆ, "ಈ ಉತ್ತತ್ತಿ ಎಲ್ಲಿಂದ ಬರ್ತಾವರಿ?" ಎಂದು ನಾನು ಕೇಳಿದೆ. ಕೇಳುವುದು ನನ್ನ ಚಟ. "ಚೀಲದಾಗಿಂದರಿ" ಎಂದು ಅವನೂ ಬಿಡದೆ ಹೇಳಿದ. ಆ ಚಟದಿಂದಲೇ ಇದೇ ಊರಲ್ಲಿ ಒಂದು ಮಳೆಗಾಲವಿಡೀ ನಾನು ಒಂದು ಹಿಡಿ ಅಕ್ಕಿಯ ಬೆನ್ನು ಹತ್ತಿದ್ದೆ.

ಬಾಗಲಕೋಟೆಯ ನವನಗರದಲ್ಲಿ ಪಾಠ ಹೇಳಿಕೊಂಡಿದ್ದ ನನ್ನನ್ನು ಆ ವರ್ಷ ಬಾದಾಮಿಯ ಕಾಲೇಜೊಂದಕ್ಕೆ ನಿಯೋಜನೆಯ ಮೇಲೆ ಹಾಕಿದ್ದರು. ಬೆಳಿಗ್ಗೆ ಅರ್ಥಶಾಸ್ತ್ರ ಹೇಳುವುದು, ಸಂಜೆ ಕಿನ್ನರರ ಕತೆ ಬರೆಯುವುದು. ಹರೆಯದ ಮಕ್ಕಳಿಗೆಂದು ನಾನು ಬರೆಯುತ್ತಿದ್ದ 'ಕೆಂಗಲ್ಲಿನ ಕಿನ್ನರರು' ಮಾಲೆಯಲ್ಲಿ ಎರಡು ಪುಸ್ತಕ ಬಂದಿದ್ದವು. ಹೊನ್ನಿ ಎಂಬ ಹುಡುಗಿ ಕೆಂಪು ಬಂಡೆಯ ಬಿರುಕಿನಲ್ಲಿ ತೂರಿ ಕಿನ್ನರರ ಊರಿಗೆ ಹೋಗುತ್ತಾಳೆ. ಆ ಊರಿನ ಕಟ್ಟಳೆ ಒಂದೇ. ಅಲ್ಲಿಯ ಅನ್ನ ಒಂದು ತುತ್ತು ಉಂಡರೂ ಸಾಕು, ಉಂಡವರು ಕಿನ್ನರರ ಪೈಕಿಯೇ ಆಗಿಬಿಡುತ್ತಾರೆ. ಹೀಗಾಗಿ ಪಾಪದ ಹೊನ್ನಿ ಎರಡು ಪುಸ್ತಕದುದ್ದಕ್ಕೂ ಹಸಿದ ಹೊಟ್ಟೆಯಲ್ಲೇ ಸಾಹಸ ಮಾಡುತ್ತಾಳೆ. ಎರಡನೆಯದರ ಕೊನೆಗೆ ಕಿನ್ನರ ರಾಣಿ ಆಕೆಯನ್ನು ಮನೆಗೆ ಕಳಿಸಿಕೊಡುತ್ತಾಳೆ. ಒಂದು ವರ್ಷದ ನಂತರ, ಮೂರನೆಯ ಪುಸ್ತಕದಲ್ಲಿ, ಯುದ್ಧ. ಹೊನ್ನಿಯ ಕೈಯಿಂದಲೇ ರಾಣಿಯ ಸಾವು. ಇಷ್ಟು ನನ್ನ ತಲೆಯಲ್ಲಿ ಪಕ್ಕಾ ಆಗಿತ್ತು.

ಜೂನ್‌ನಲ್ಲಿ ಪ್ರಕಾಶಕರ ಫೋನು ಬಂತು.

"ಮೂರನೇದು ಬರೂತನಕ ಹುಡುಗೂರು ಮರತ ಬಿಡ್ತಾರ್ರಿ ಮೇಡಂ. ನಡುವ ಒಂದು ಸಣ್ಣ ಕಾದಂಬರಿ ಕೊಡ್ರಿ. ಎರಡಕ್ಕೂ ಮೂರಕ್ಕೂ ಕೊಂಡಿ ಇದ್ದಂಗ."

"ಆ ವರ್ಷ ಏನೂ ಆಗಂಗಿಲ್ರಿ. ಹೊನ್ನಿ ಸಾಲಿಗೆ ಹೋಗ್ತಾಳ, ಬರ್ತಾಳ."

"ಅದನ್ನ ಬರೀರಿ" ಎಂದು ಅವರು ಫೋನು ಇಟ್ಟರು. ಹೇಳುವವರಿಗೇನು, ಬಾಯಿ ನೋಯುತ್ತದೆಯೇ?

ನಾನು ಬಾಡಿಗೆಗಿದ್ದದ್ದು ಹುಸೇನಬಿ ಎಂಬ ಹಿರಿಯರ ಮನೆಯ ಮಾಳಿಗೆಯ ಕೋಣೆಯಲ್ಲಿ. ಓಣಿಯ ಎಲ್ಲರೂ ಆಕೆಗೆ ನಾನಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾಲ್ಕು ತಲೆಮಾರಿನಿಂದ ಅದೇ ಓಣಿಯ ಮನೆತನ. ಕಿಟಕಿ ತೆರೆದರೆ ಕೆಂಪು ಗುಡ್ಡ. ಮಳೆ ಬಿದ್ದರೆ ಗುಡ್ಡದ ಬಣ್ಣ ಗಾಢವಾಗುತ್ತಿತ್ತು, ಬಿಸಿಲು ಬಿದ್ದ ಕೂಡಲೇ ತಿಳಿಯಾಗುತ್ತಿತ್ತು. ಬರೆಯಲು ಕುಳಿತ ಹೊತ್ತಿನಲ್ಲಿ ಮುಕ್ಕಾಲು ಪಾಲು ನಾನು ಅದನ್ನೇ ನೋಡುತ್ತಿದ್ದೆ.

ನಾನಿಯ ಜೊತೆಗಿದ್ದವಳು ಮೊಮ್ಮಗಳು ನಾಜಿಯಾ, ಪಿಯುಸಿ ಮೊದಲ ವರ್ಷ. ಅವಳ ತಾಯಿ, ಅಂದರೆ ನಾನಿಯ ಮಗಳು, ತೀರಿಕೊಂಡು ಕೆಲವು ವರ್ಷವಾಗಿತ್ತು. ತಂದೆ ದಾದಾಪೀರ್ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸ ಮಾಡುತ್ತಿದ್ದ. ಶಮಶಾದ್ ಎಂಬ ಗುಡೂರಿನ ಹೆಣ್ಣುಮಗಳನ್ನು ಎರಡನೆಯ ಮದುವೆಯಾಗಿದ್ದ. ನಾಜಿಯಾ ಆ ಮದುವೆಯ ದಿನವೇ ಹಟ ಹಿಡಿದು ನಾನಿಯ ಬೆನ್ನು ಹತ್ತಿ ಬಂದವಳು ಇಲ್ಲೇ ಉಳಿದುಬಿಟ್ಟಿದ್ದಳು. ಈಗ ನಾನಿಗೆ ಕಣ್ಣು ಮಂಜು. ವಿಜಯಪುರದಲ್ಲಿದ್ದ ಮಗ ದೀಪಾವಳಿಯ ಹೊತ್ತಿಗೆ ಆಕೆಯನ್ನು ಕರೆದುಕೊಂಡು ಹೋಗುವವನಿದ್ದ. ಅವನದು ಎರಡು ಕೋಣೆಯ ಮನೆ, ತುಂಬಿದ ಸಂಸಾರ. ನಾಜಿಯಾಗೆ ಇದ್ದ ದಾರಿ ಇಳಕಲ್ಲೊಂದೇ. ಆಕೆ ಮಾತ್ರ "ಹಾಸ್ಟೆಲಿಗೆ ಹೊಕ್ಕೇನಿ, ಆ ಮನಿಗೆ ಹೋಗಂಗಿಲ್ಲ" ಎಂದು ಒಂದೇ ಮಾತಿಗೆ ನಿಂತಿದ್ದಳು. ನಾನಿ ಅದಕ್ಕೆ ಎದುರಾಡುತ್ತಿರಲಿಲ್ಲ, ಆದರೆ ರಾತ್ರಿ ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ.

ನಾಜಿಯಾ ನನ್ನ ಪುಸ್ತಕಗಳನ್ನು ಕಂಠಪಾಠ ಮಾಡಿದ್ದಳು. ನಾನು ಬಾಡಿಗೆಗೆ ಬಂದ ದಿನ ಟ್ರಂಕು ಇಳಿಸಲು ಕೈಕೊಡುತ್ತಲೇ, "ರಾಣಿ ಸಾಯ್ತಾಳಲ್ರಿ ಮೇಡಂ?" ಎಂದು ಕೇಳಿದ್ದಳು. ನಾನು ನಕ್ಕು, "ಸಾಯ್ತಾಳ" ಎಂದಿದ್ದೆ. "ಹಂಗಾದ್ರ ಚಲೋ ಆತು" ಎಂದು ಟ್ರಂಕನ್ನು ಒಬ್ಬಳೇ ಎತ್ತಿ ಮಾಳಿಗೆಗೆ ಒಯ್ದಿದ್ದಳು. ಎಷ್ಟು ಸಿಟ್ಟಿದ್ದರೆ ಅಷ್ಟು ಬಲ ಬರುತ್ತದೆ!

ಸಂಜೆ ಅವಳು ನಾನಿಗೆ ಪುಸ್ತಕ ಓದಿ ಹೇಳುವುದು ರೂಢಿ. ತಮ್ಮತಮ್ಮೊಳಗೆ ಉರ್ದು ಮಾತಾಡಿದರೂ ಓದುವುದು ಕನ್ನಡದಲ್ಲಿ, ನಡುವೆ ನಾನಿಯ ಪ್ರಶ್ನೆಗಳೂ ಕನ್ನಡದಲ್ಲಿ. ನಾನು ಮೇಲಿನಿಂದ ಕಿವಿಗೊಡುತ್ತಿದ್ದೆ. ನಾವು ಬರೆದದ್ದನ್ನು ಬೇರೆಯವರ ಬಾಯಲ್ಲಿ ಕದ್ದು ಕೇಳುವ ಸುಖವೇ ಬೇರೆ. ಒಂದು ಸಂಜೆ ಎರಡನೆಯ ಪುಸ್ತಕದ ಕೊನೆಯ ಅಧ್ಯಾಯ ಮುಗಿಯಿತು. ರಾಣಿ ಬಂಡೆಯ ಬಾಗಿಲವರೆಗೆ ಬಂದು, ಹೊನ್ನಿಯ ವೇಲಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಉಡಿ ತುಂಬಿ ಕಳಿಸುತ್ತಾಳೆ. ಅಲ್ಲಿಗೆ ಪುಸ್ತಕ ಸಮಾಪ್ತಿ.

ಕೆಳಗಿನಿಂದ ನಾನಿಯ ದನಿ ಬಂತು: "ಆ ಅಕ್ಕಿ ಏನಾತು?"

"ಯಾವ ಅಕ್ಕಿ ನಾನಿ?"

"ಉಡಿ ಅಕ್ಕಿ. ಹುಡಿಗಿ ಮನಿಗೆ ತಂದ್ಲಲ್ಲ, ಅಡಿಗಿ ಮಾಡಿ ಉಂಡ್ಲೋ ಇಲ್ಲೋ?"

ನಾನು ಮೇಲೆ ಕುಳಿತಲ್ಲೇ ಬೆವೆತೆ. ಖಂಡಿತವಾಗಿ ಹೇಳುತ್ತೇನೆ, ಆ ಉಡಿಯನ್ನು ನಾನು ಯೋಚಿಸಿ ಬರೆದದ್ದಲ್ಲ. ನಮ್ಮ ಕಡೆ ಹೆಣ್ಣುಮಗಳೊಬ್ಬಳು ಹೊಸ್ತಿಲು ದಾಟಿ ಹೊರಟರೆ ಉಡಿ ತುಂಬದೆ ಕಳಿಸುವುದುಂಟೇ? ಹಿಂದೂಗಳ ಮನೆಯಿರಲಿ, ಮುಸಲ್ಮಾನರ ಮನೆಯಿರಲಿ, ಹುಡುಗಿ ಚೂಡಿದಾರ ಹಾಕಿದ್ದರೆ ವೇಲಿನ ತುದಿಗಾದರೂ ಕಟ್ಟುತ್ತಾರೆ. ಹೊನ್ನಿ ಹೊರಟಳು, ನನ್ನ ಕೈ ತಾನಾಗಿ ಉಡಿ ತುಂಬಿತು. ಆದರೆ ತಂದ ಉಡಿ ಅಕ್ಕಿಯನ್ನು ಮನೆಯಲ್ಲಿ ಅಡಿಗೆ ಮಾಡಿ ಉಣ್ಣಬೇಕು, ಅದೂ ರೂಢಿಯೇ. ಉಂಡರೆ, ನಾನೇ ಕಟ್ಟಿದ ಕಟ್ಟಳೆಯಂತೆ, ಹೊನ್ನಿ ಕಿನ್ನರರ ಮಗಳಾಗುತ್ತಾಳೆ. ಚೆಲ್ಲಿದರೆ ರಾಣಿಯ ಮುಖಕ್ಕೆ ಹೊಡೆದಂತೆ. ಉಡಿ ತುಂಬಿ ಕಳಿಸಿದವಳನ್ನು ಮುಂದಿನ ಪುಸ್ತಕದಲ್ಲಿ ಕೊಲ್ಲುವುದು ಹೇಗೆ? ಏನೂ ಆಗದ ವರ್ಷ ಎಂದಿದ್ದೆನಲ್ಲ, ಆ ವರ್ಷವಿಡೀ ಹೊನ್ನಿಯ ಅಡಿಗೆಮನೆಯಲ್ಲಿ ಕಿನ್ನರರ ಅಕ್ಕಿ ಕುಳಿತಿತ್ತು. ನನ್ನ ಸಣ್ಣ ಪುಸ್ತಕ ಸಿಕ್ಕಿಬಿಟ್ಟಿತು ಎಂದು ಎಷ್ಟು ಖುಷಿಯಾಯಿತೆಂದರೆ ಮೆಟ್ಟಿಲು ಬಡಬಡ ಇಳಿದು ಕೆಳಗೆ ಬಂದೆ.

"ಉಣ್ಣಂಗಿಲ್ಲ ನಾನಿ, ಉಂಡ್ರ ಅವರ ಪೈಕಿ ಆಗ್ತಾಳ" ಎಂದು ನಾಜಿಯಾ ಬಿಡಿಸಿ ಹೇಳುತ್ತಿದ್ದಳು.

"ಹಂಗಾರ ಚೆಲ್ತಾಳೇನು? ಉಡಿ ಅಕ್ಕಿ ಚೆಲ್ತಾರೇನು ಯಾರರ?"

ನಾನಿಯ ಮಂಜುಗಣ್ಣು ಗೋಡೆಯ ಗೂಟದ ಕಡೆ ತಿರುಗಿತ್ತು. ಅಲ್ಲಿ ಒಂದು ಹಸಿರು ವೇಲು, ತುದಿಗೆ ಗಂಟು ಕಟ್ಟಿದ್ದು, ತೂಗುತ್ತಿತ್ತು. ನಾನು ಬಂದಾಗಿನಿಂದ ಅದು ಅಲ್ಲೇ ಇತ್ತು. ಕೇಳುವ ಚಟದವಳಾದ ನಾನು ಅದೊಂದನ್ನು ಹೇಗೋ ಕೇಳಿರಲಿಲ್ಲ.

ಮರುದಿನ ನಾಜಿಯಾ ಕಾಲೇಜಿಗೆ ಹೋದ ಮೇಲೆ ನಾನಿ ಹೇಳಿದಳು. ರಂಜಾನ್ ಹಬ್ಬಕ್ಕೆ ತಂದೆ ಬಂದು ಒತ್ತಾಯದಿಂದ ಇಳಕಲ್ಲಿಗೆ ಕರೆದೊಯ್ದಿದ್ದ. ಹುಡುಗಿ ಅಲ್ಲಿದ್ದಷ್ಟೂ ಹೊತ್ತು ಹೊಟ್ಟೆನೋವು ಎಂದು ಹೇಳಿ ಏನೂ ಉಣ್ಣಲಿಲ್ಲ. ಅಂಗಡಿಯ ಬ್ರೆಡ್ಡು ತಿಂದುಕೊಂಡು ದಿನ ಕಳೆದಳು. ಹೊರಡುವಾಗ ಶಮಶಾದ್ ಅವಳ ವೇಲಿನಲ್ಲಿ ಉಡಿ ಕಟ್ಟಿದಳು. ಬಂದವಳು ಗೂಟಕ್ಕೆ ನೇತುಹಾಕಿದ್ದೇ, ಆಮೇಲೆ ಅದರ ಕಡೆ ನೋಡಿಲ್ಲ.

"ಅಕಿ ಒಂದ ತುತ್ತು ಅಲ್ಲಿ ಉಂಡ್ಲಂದ್ರ ನಾ ನಿಶ್ಚಿಂತಿಲೆ ವಿಜಯಪುರಕ್ಕ ಹೊಕ್ಕೇನಿ" ಎಂದಳು ನಾನಿ. "ಮಳಿಗಾಲ ಅದ. ಅಕ್ಕಿ ಹುಳ ಹಿಡಿತಾವ. ಬಿಚ್ಚು ಅಂತ ನಾ ಹೇಳಿದ್ರ ಸಿಟ್ಟಿಗೇಳ್ತಾಳ."

ನನಗೆ ಆಗ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ಪಾಪ ಎನ್ನಿಸಿತು, ಹೌದು. ಅದರ ಬೆನ್ನಿಗೇ, ಹಾಗಾದರೆ ಮುಂದೇನಾಗುತ್ತದೆ ಎಂಬ ಕುತೂಹಲವೂ ಹುಟ್ಟಿತು. ಬರೆಯುವವರ ಜಾತಿಯೇ ಇಷ್ಟು.

ಶ್ರಾವಣದಲ್ಲಿ ನಾನು ಸಿಕ್ಕಸಿಕ್ಕವರನ್ನು ಕೇಳತೊಡಗಿದೆ: ಉಡಿ ಅಕ್ಕಿ ಉಣ್ಣದಿದ್ದರೆ ಏನಾಗುತ್ತದೆ? ಹುನಗುಂದದಲ್ಲಿರುವ ನಮ್ಮವ್ವನಿಗೆ ಫೋನು ಮಾಡಿದೆ. ನಮ್ಮದು ಪುರಾಣ ಪ್ರವಚನದ ಮನೆತನ, ಏನಾದರೂ ಶಾಸ್ತ್ರ ಹೇಳಿಯಾಳು ಎಂಬ ಆಸೆ. "ಚೆಲ್ಲಬಾರ್ದು" ಎಂದಳು. ಯಾಕೆ ಎಂದೆ. "ಚೆಲ್ಲಬಾರ್ದು, ಅದಕ್ಕ" ಎಂದಳು. ಊರಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ರಾಮಥಾಳದ ಹೆಣ್ಣುಮಗಳು ಹೊಲಕ್ಕೆ ನೀರಿನ ಪೈಪು ಬಂದ ಸುದ್ದಿ ಹೇಳುತ್ತಿದ್ದಳು. ನಾನು ಉಡಿಯ ಸುದ್ದಿ ತೆಗೆದೆ. "ನಮ್ಮಣ್ಣನ ಕೂಡ ನಾ ಮಾತ ಬಿಟ್ಟೇನ್ರಿ" ಎಂದಳು ಆಕೆ. "ಆದ್ರ ಅವರ ಮನಿ ಉಡಿ ಅಕ್ಕಿ ಹುಗ್ಗಿ ಮಾಡಿ ಉಂಡೀನಿ. ಸಿಟ್ಟು ಅವನ ಮ್ಯಾಲ. ಅಕ್ಕಿ ಏನ ಮಾಡೇತಿ?" ಕಾಲೇಜಿನ ಸಹೋದ್ಯೋಗಿಯೊಬ್ಬರು, "ಇದರ ಮೇಲೆ ಯಾರಾದರೂ ಸಂಶೋಧನೆ ಮಾಡಬೇಕು ನೋಡಿ" ಎಂದು ಚಹಾ ಕುಡಿದು ಎದ್ದುಹೋದರು. ಉಣ್ಣದೆ ಇಟ್ಟವರನ್ನು ಯಾರೂ ಕಂಡಿರಲಿಲ್ಲ. ಹೊನ್ನಿಯ ಹಾಗೆ ನಾಜಿಯಾಳೂ ಯಾರೂ ನಡೆಯದ ದಾರಿಯಲ್ಲಿ ನಿಂತಿದ್ದಳು.

ಪುಸ್ತಕ ಮುಂದುವರಿಯಿತು. ಹೊನ್ನಿಯ ಮನೆಯ ಗಡಿಗೆಯಲ್ಲಿ ಅಕ್ಕಿ ಕಾಯುತ್ತಾ ಕುಳಿತಿತ್ತು, ಮಳೆ ಬಂದಾಗ ಅದರಿಂದ ಸಣ್ಣಗೆ ಹಾಡು ಕೇಳುತ್ತಿತ್ತು. ಬರೆದ ಹಾಳೆಗಳನ್ನು ನಾಜಿಯಾ ಓದುತ್ತಿದ್ದಳು. ಹಾಡು ಚಲೋ ಇದೆ ಎಂದಳು. ಹೊನ್ನಿ ಗಡಿಗೆಯ ಹತ್ತಿರ ಹೋಗಿ ನಿಲ್ಲುವ ಪುಟಕ್ಕೆ ಬಂದಾಗ ಮಾತ್ರ ಹಾಳೆ ಕೆಳಗಿಟ್ಟಳು.

"ಇಕಿ ಅಕ್ಕಿ ಉಂಡ್ರ ನಾ ನಿಮ್ಮ ಪುಸ್ತಕ ಮುಟ್ಟಂಗಿಲ್ರಿ ಮೇಡಂ."

"ಚೆಲ್ಲಿಬಿಡ್ಲೇನು?"

ಅದಕ್ಕೂ ಅವಳ ಮನಸ್ಸು ಒಪ್ಪಲಿಲ್ಲ. ಉಗುರು ಕಚ್ಚುತ್ತಾ ಗುಡ್ಡ ನೋಡಿದಳು. ಮೋಡದ ನೆರಳು ಬಂಡೆಯ ಮೇಲೆ ನಿಧಾನ ಸರಿಯುತ್ತಿತ್ತು.

"ತಿರಿಗಿ ಕೊಡ್ತಾಳ" ಎಂದಳು ಕೊನೆಗೆ. "ಉಣ್ಣಂಗಿಲ್ಲ, ಚೆಲ್ಲಂಗಿಲ್ಲ. ಒಯ್ದು ರಾಣಿ ಕೈಯಾಗ ಕೊಡ್ತಾಳ. ನಿನ್ನ ಋಣ ನನಗ ಬ್ಯಾಡ ಅಂತಾಳ."

"ಕೊಟ್ರ ಏನಾಗ್ತದ?"

"ನೀವ್ ಬರಿಯೋರು. ನನ್ನ ಕೇಳ್ತೀರಲ್ಲ!"

ನನಗೆ ಗೊತ್ತಿರಲಿಲ್ಲ. ಉಡಿ ತಿರುಗಿ ಕೊಟ್ಟ ಸುದ್ದಿ ನಾನು ಹುಟ್ಟಿ ಬೆಳೆದ ಸೀಮೆಯಲ್ಲೇ ಕೇಳಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ನಾಜಿಯಾ ತಾನೇ ಗೂಟದ ವೇಲು ಇಳಿಸಿ ಚೀಲಕ್ಕೆ ಹಾಕಿಕೊಂಡು, "ನಾ ಇಳಕಲ್ಲಿಗೆ ಹೊಂಟೇನಿ ನಾನಿ, ಸಂಜಿಗೆ ಬರ್ತೇನಿ" ಎಂದಳು. ನಾನಿ ನನ್ನ ಕಡೆ ತಿರುಗಿ, "ನೀವೂ ಹೋಗ್ರಿ ಮೇಡಂ, ಒಬ್ಬಾಕಿನ್ನ ಬಿಡಬ್ಯಾಡ್ರಿ" ಎಂದಳು. ಹೇಳದಿದ್ದರೂ ನಾನು ಹೋಗುವವಳೇ ಇದ್ದೆ.

ಬಸ್ಸು ಗುಡೂರಿನಲ್ಲಿ ನಿಂತು, ಹೊರಡದೆ, ಬಹಳ ಹೊತ್ತು ಗುರುಗುಟ್ಟಿತು. ದಾರಿಯ ಹೊಲಗಳಲ್ಲಿ ಸಜ್ಜೆ ತೆನೆಗೆ ಬಂದಿತ್ತು, ಸೂರ್ಯಕಾಂತಿ ತೋಯ್ದು ತಲೆ ಬಗ್ಗಿಸಿ ನಿಂತಿತ್ತು. ನಾಜಿಯಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತಿದ್ದಳೆಂದು ತುಟಿಯ ಅಲುಗಾಟದಿಂದ ತಿಳಿಯುತ್ತಿತ್ತು. ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಪುಸ್ತಕದಲ್ಲಾದರೆ ತಪ್ಪಾದ ಪುಟ ಹರಿದು ಹಾಕಬಹುದು. ಈ ಹುಡುಗಿ ಇವತ್ತು ಅಲ್ಲಿ ಒಂದು ಮಾತು ಆಡಿಬಿಟ್ಟರೆ ಆ ಮನೆಯ ಬಾಗಿಲು ಅವಳಿಗೆ ಮತ್ತೆ ತೆರೆಯುವುದು ಕಷ್ಟ. ವಾಪಸು ಹೋಗೋಣವೇ ಎಂದು ಕೇಳೋಣವೆನ್ನುವಷ್ಟರಲ್ಲಿ ಇಳಕಲ್ಲು ಬಂದಿತ್ತು.

ಬಾಗಿಲು ತೆರೆದವಳೇ ಶಮಶಾದ್. ನಾನು ರಾಣಿಯನ್ನು ಎತ್ತರದ ಹೆಂಗಸನ್ನಾಗಿ ಬರೆದಿದ್ದೆ. ಈಕೆ ನನ್ನ ಭುಜಕ್ಕೂ ಬರುತ್ತಿರಲಿಲ್ಲ, ನಾಜಿಯಾಗಿಂತ ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ ದೊಡ್ಡವಳು. ದಾದಾಪೀರ್ ಮನೆಯಲ್ಲಿರಲಿಲ್ಲ. ಆಕೆ ಗಾಬರಿಯಾಗಿ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾ, "ಬರ್ರಿ, ಒಳಗ ಬರ್ರಿ" ಎಂದಳು. ನಾಜಿಯಾ ಹೊಸ್ತಿಲ ಮೇಲೆಯೇ ನಿಂತು ಚೀಲದಿಂದ ಗಂಟು ತೆಗೆದು ಮುಂದೆ ಚಾಚಿದಳು. ದಾರಿಯುದ್ದಕ್ಕೂ ಕೂಡಿಸಿಕೊಂಡ ಮಾತು ಬಾಯಿಗೆ ಬರಲಿಲ್ಲ.

ಶಮಶಾದ್ ಗಂಟು ತೆಗೆದುಕೊಂಡಳು, ಬಿಚ್ಚಿದಳು. ಅಕ್ಕಿಯ ತುಂಬ ಕಪ್ಪು ನುಸಿ. ತಾನು ಕಟ್ಟಿದ ಗಂಟು ಇಷ್ಟು ತಿಂಗಳು ಬಿಚ್ಚದೆ ಉಳಿದಿತ್ತೆಂದು ಆಕೆಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ಆಕೆ ಅಕ್ಕಿಯನ್ನೇ ಸ್ವಲ್ಪ ಹೊತ್ತು ನೋಡಿ, "ಅಯ್ಯ, ಹುಳ ಹಿಡದಾವ ನೋಡು. ಬಾ, ಆರಸೂಣು" ಎಂದು ಒಳಗೆ ಹೋಗಿ ಮೊರ ತಂದು ಪಡಸಾಲೆಯ ನಡುವೆ ಕುಳಿತುಬಿಟ್ಟಳು.

ತಿರುಗಿ ಕೊಟ್ಟದ್ದನ್ನು ಆಕೆ ತಿರುಗಿ ತೆಗೆದುಕೊಳ್ಳಲೇ ಇಲ್ಲ. ಮಗಳು ಅಡಿಗೆಗೆಂದು ಅಕ್ಕಿ ತಂದಿದ್ದಾಳೆ ಎನ್ನುವ ಹಾಗೆ ಕೇರಲು ಶುರು ಮಾಡಿದಳು. ನಾಜಿಯಾ ದಿಕ್ಕು ತೋಚದೆ ನಿಂತಳು. ನಿಂತು ನಿಂತು ಕಾಲು ಸೋತಿತೋ ಏನೋ, ಕೊನೆಗೆ ಮೊರದ ಆ ಕಡೆ ಕುಳಿತಳು. ಕುಳಿತ ಮೇಲೆ ಕೈ ಸುಮ್ಮನಿರುತ್ತದೆಯೇ, ಅವಳೂ ನುಸಿ ಆರಿಸತೊಡಗಿದಳು. ನಾನು ಗೋಡೆಗೆ ಒರಗಿ ಕುಳಿತೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

"ನೀವ ಬರದೀರಲ್ರಿ ಆ ಪುಸ್ತಕ" ಎಂದಳು ಶಮಶಾದ್, ತಲೆ ಎತ್ತದೆ. "ಹಿಂದ ನಿಮ್ಮ ಫೋಟೋ ಐತಿ. ಎರಡೂ ಓದೀನ್ರಿ. ಇಕಿ ಅವನ್ನ ಭಾಳ ಓದ್ತಾಳಂತ ಇವರು ಹೇಳಿದ್ರು. ಏನೈತಿ ಅದರಾಗ ಅಂತ ತರಿಸಿದ್ನಿ."

ನಾಜಿಯಾಳ ಬೆರಳು ನಿಂತಿತು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಈಗ ರಾಣಿಯ ಮಾತು ಬರುತ್ತದೆ, ನನ್ನನ್ನು ಹಾಗೆ ಕೆಟ್ಟವಳನ್ನಾಗಿ ಮಾಡಿದಿರಲ್ಲ ಎನ್ನುತ್ತಾಳೆ ಎಂದುಕೊಂಡೆ.

"ಹೊನ್ನಿ ನನ್ನಂಗ ಅದಾಳ್ರಿ" ಎಂದಳು ಶಮಶಾದ್.

ನಾವಿಬ್ಬರೂ ಅವಳ ಮುಖ ನೋಡಿದೆವು.

"ಹೌದಲ್ರಿ ಮತ್ತ. ಗುರ್ತಿಲ್ಲದ ಊರಾಗ ಹೋಗಿ ಬಿದ್ದಾಳ. ಎಲ್ಲಿ ನಿಂತ್ರ ತಪ್ಪು, ಎಲ್ಲಿ ಕುಂತ್ರ ತಪ್ಪು ತಿಳಿಯಂಗಿಲ್ಲ. ಎಲ್ಲಾರೂ ಅಕಿನ್ನ ನೋಡವ್ರೇ. ನಾ ಲಗ್ನ ಆಗಿ ಈ ಮನಿಗಿ ಬಂದ ದಿನ ಹಂಗ ಆಗಿತ್ತರಿ. ಹಸಿವಿ ಆಗಿತ್ತು, ಉಣ್ಣಾಕ ಅಂಜಿಕಿ. ಒಂದ ತುತ್ತು ಉಂಡ್ನೆಪಾ ಅಂದ್ರ ಇನ್ನ ಇಲ್ಲೇ, ಗುಡೂರಿಗೆ ಹೋಗೂದು ಮುಗೀತು ಅನಸ್ತಿತ್ತು. ಅದನ್ನ ಓದೂ ಮುಂದ ನಂಗ ಅಳು ಬಂತ್ರಿ. ನಿಮಗ ಹ್ಯಾಂಗ ಗೊತ್ತಾತು ಅದು?"

ನನಗೇನು ಗೊತ್ತಿತ್ತು! ನಾನು ಹೊನ್ನಿಯ ಹಸಿವು ಬರೆಯುವಾಗ ನಾಜಿಯಾಳಂಥ ಹುಡುಗಿಯರನ್ನು ನೆನೆದಿದ್ದೆನೇ ಹೊರತು, ಮದುವೆಯಾಗಿ ಬಂದ ಮನೆಯಲ್ಲಿ ಉಣ್ಣಲು ಅಂಜುವ ಹೆಣ್ಣುಮಗಳನ್ನು ನೆನೆದಿರಲಿಲ್ಲ. ನನ್ನ ಪುಸ್ತಕದಲ್ಲಿ ಇದೆಲ್ಲ ಇತ್ತೆಂದು ಅವತ್ತೇ ನನಗೆ ತಿಳಿದದ್ದು.

ನಾಜಿಯಾ ಮೊರದ ಮೇಲಿನ ಅಕ್ಕಿಯನ್ನು ಸುಮ್ಮನೆ ಆಚೆ ಈಚೆ ಸರಿಸುತ್ತಿದ್ದಳು. ಆ ಮನೆಯಲ್ಲಿ ಆ ಹೆಂಗಸಿನ ಜೊತೆ ಅವಳು ತಾನಾಗಿ ಆಡಿದ ಮೊದಲ ಮಾತು ಬಹುಶಃ ಅದೇ ಇರಬೇಕು.

"ಆಮ್ಯಾಲ ಯಾವಾಗ ಉಂಡ್ರಿ?"

ಶಮಶಾದ್ ಕೇರಿದ ಅಕ್ಕಿಯನ್ನು ಒಂದು ಕಡೆ ಮಾಡಿ, ಕೈ ಝಾಡಿಸಿಕೊಂಡಳು.

"ಅವತ್ತ ಸಂಜಿಗೆ. ನೀ ನಿನ್ನ ತಾಟು ಮುಟ್ಟದ ಎದ್ದು ನಾನಿ ಸಂಗಟ ಹೋದೆಲ್ಲ? ತಾಟು ಹಂಗ ಇತ್ತು, ಯಾರೂ ಎತ್ತಲಿಲ್ಲ. ಅದನ್ನ ನೋಡಿ, ಇಲ್ಲಿ ನನ್ನಂಗ ಉಣದಾಕಿ ಇನ್ನೊಬ್ಬಾಕಿ ಅದಾಳ ಅನಿಸ್ತು. ಅದ ತಾಟಿನ್ಯಾಗ ಕುಂತು ಉಂಡ್ನಿ. ಈ ಮನ್ಯಾಗ ನಾ ಮೊದಲು ಉಂಡದ್ದು ನಿಂದ ಪಾಲು."

ಹೊರಗೆ ಯಾರದೋ ಸ್ಕೂಟರ್ ಹೋಯಿತು. ನಾಜಿಯಾ ತಲೆ ತಗ್ಗಿಸಿದ್ದಳು, ಅಳುತ್ತಿದ್ದಳೋ ಇಲ್ಲವೋ ನನಗೆ ಕಾಣಲಿಲ್ಲ. ನನ್ನ ಕಣ್ಣಂತೂ ತುಂಬಿತ್ತು.

ಅಕ್ಕಿ ಬೆಂದಾಗ ಮಧ್ಯಾಹ್ನ ದಾಟಿತ್ತು. ಮಾಡಿದ್ದು ಹುಗ್ಗಿ, ಬೆಲ್ಲ ತುಸು ಹೆಚ್ಚೇ ಬಿದ್ದಿತ್ತು. ಶಮಶಾದ್ ಪಾತ್ರೆ ತಂದು ಪಡಸಾಲೆಯಲ್ಲಿಟ್ಟು, ಚಾಪೆ ಹಾಸಿ, ಎರಡು ತಾಟು ತಂದಳು. ನನ್ನ ಮುಂದೆ ಒಂದನ್ನು ಇಟ್ಟಳು. ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು, ನಾಜಿಯಾಳ ಮುಂದೆ ಇಡಲೋ ಬೇಡವೋ ಎಂದು ನಿಂತಳು.

ನಾಜಿಯಾ ಕೈ ಚಾಚಿ ಅದನ್ನು ಇಸಿದುಕೊಂಡು ಚಾಪೆಯ ನಡುವೆ ಇಟ್ಟಳು.

"ನಿಮಗ ಬ್ಯಾರೆ ತಾಟು ತರಬ್ಯಾಡ್ರಿ" ಎಂದಳು. "ಇದರಾಗ ಇಬ್ಬರೂ ಉಣ್ಣೂಣು."

ಶಮಶಾದ್ ತುಪ್ಪ ತರುತ್ತೇನೆಂದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾಜಿಯಾ ಉಣ್ಣದೆ ಕಾಯುತ್ತಾ ಕುಳಿತಿದ್ದಳು. ಆಮೇಲೆ ಎದ್ದು, ಆಕೆಯನ್ನು ಕರೆತರಲು ಅಡಿಗೆಮನೆಯೊಳಗೆ ಹೋದಳು.